ಮಚ್ಚಿಗೂ ಮೊದಲು ಮಾತಿತ್ತು

ನಮ್ಮ ಹುಡುಗರು ಈಗ ಜಪಾನಿ, ಕೊರಿಯನ್ ಚಿತ್ರಗಳನ್ನು ಮೊಬೈಲಿನಲ್ಲೇ ನೋಡುತ್ತಾರೆ. ಅದಕ್ಕೆ ನನ್ನ ತಕರಾರೇನಿಲ್ಲ. ತಕರಾರಿರುವುದು ಆ ನೋಟದ ಬೆನ್ನಿಗೇ ಬಂದ ಒಂದು ಮಾತಿನ ಬಗ್ಗೆ. ಕನ್ನಡದಲ್ಲಿ ಸೇಡಿನ ಕಥೆಯೆಂದರೆ ಮಚ್ಚು ಬೀಸುವುದಷ್ಟೇ, ಸೇಡು ತೀರಿಸಿಕೊಳ್ಳುವವರ ತಲೆಯೊಳಗೆ ಇಳಿಯುವ ಚಿತ್ರಗಳು ಶುರುವಾದದ್ದು 2013ರ ‘ಲೂಸಿಯಾ’ದಿಂದೀಚೆಗೆ, ಅದೂ ಹೊರಗಿನವರನ್ನು ನೋಡಿ ಕಲಿತದ್ದು ಎಂಬ ಮಾತದು. ಸಿನಿಮಾ ಶಿಬಿರಗಳಲ್ಲಿ ಇದನ್ನು ಪಾಠದಂತೆ ಹೇಳುವವರೂ ಇದ್ದಾರೆ. ‘ಲೂಸಿಯಾ’ ಒಳ್ಳೆಯ ಚಿತ್ರ, ಜನರ ದುಡ್ಡಿನಿಂದ ಎದ್ದು ನಿಂತ ಚಿತ್ರ. ಅದರ ಹೆಗಲ ಮೇಲೆ ಇಷ್ಟು ದೊಡ್ಡ ಸುಳ್ಳನ್ನು ಹೊರಿಸಬಾರದು.

ಈ ಮಾತು ಹೇಳುವವರು ಹೆಚ್ಚಾಗಿ ಎತ್ತಿಕೊಳ್ಳುವ ಉದಾಹರಣೆ ‘ಕೊಕುಹಾಕು’. ಕನಾಎ ಮಿನಾತೊ ಅವರ 2008ರ ಕಾದಂಬರಿಯನ್ನು ತೆತ್ಸುಯಾ ನಕಶಿಮಾ 2010ರಲ್ಲಿ ತೆರೆಗೆ ತಂದರು. ಜಪಾನ್ ಅಕಾಡೆಮಿಯ ಶ್ರೇಷ್ಠ ಚಿತ್ರ ಪ್ರಶಸ್ತಿಯೂ ಅದಕ್ಕೆ ಬಂತು. ಮಾಧ್ಯಮಿಕ ಶಾಲೆಯೊಂದರಲ್ಲಿ ಅವಧಿಯ ಕೊನೆಯ ದಿನ. ಮಕ್ಕಳು ಹಾಲು ಕುಡಿಯುತ್ತ ಗದ್ದಲ ಹಾಕುತ್ತಿದ್ದಾರೆ. ಕೆಲಸ ಬಿಡುತ್ತಿರುವ ಶಿಕ್ಷಕಿ ಯುಕೊ ಮೊರಿಗುಚಿ ದನಿ ಏರಿಸದೆ ಮಾತಾಡುತ್ತಾಳೆ. ಈಜುಕೊಳದಲ್ಲಿ ಸತ್ತು ಸಿಕ್ಕ ತನ್ನ ನಾಲ್ಕು ವರ್ಷದ ಮಗಳದು ಆಕಸ್ಮಿಕ ಸಾವಲ್ಲ, ಕೊಂದ ಇಬ್ಬರು ಇದೇ ಕೋಣೆಯಲ್ಲಿ ಕೂತಿದ್ದಾರೆ, ಹದಿನಾಲ್ಕು ತುಂಬದವರನ್ನು ಕಾನೂನು ಶಿಕ್ಷಿಸುವುದಿಲ್ಲ, ಆದ್ದರಿಂದ ಅವರ ಹಾಲಿಗೆ ತಾನು ಎಚ್‌ಐವಿ ಸೋಂಕಿನ ರಕ್ತ ಬೆರೆಸಿದ್ದೇನೆ ಎಂದು ಹೇಳಿ ಮುಗಿಸುತ್ತಾಳೆ. ಹೆಚ್ಚುಕಡಿಮೆ ಅರ್ಧ ಗಂಟೆ ಬರೀ ಮಾತು. ಒಂದು ಏಟೂ ಬಿದ್ದಿಲ್ಲ, ಸೇಡು ಆಗಲೇ ಅರ್ಧ ತೀರಿದೆ. ಉಳಿದದ್ದು ಹೆಚ್ಚಾಗಿ ಹುಡುಗರ, ಅವರಲ್ಲೊಬ್ಬನ ಅಮ್ಮನ ನಿವೇದನೆ. ಮೊರಿಗುಚಿಯಾಗಿ ತಾಕಾಕೊ ಮತ್ಸು ಮುಖದ ಒಂದು ಗೆರೆಯನ್ನೂ ಪೋಲು ಮಾಡುವುದಿಲ್ಲ.

ಇದು ಜಪಾನಿನಲ್ಲೂ ಆಕಾಶದಿಂದ ಉದುರಿದ್ದಲ್ಲ. ಮಸಾಕಿ ಕೊಬಯಾಶಿಯವರ 1962ರ ‘ಹರಾಕಿರಿ’ಯಲ್ಲಿ ದೊರೆಯಿಲ್ಲದ ಸಮುರಾಯ್ ಒಬ್ಬ ಶತ್ರುವಿನ ಅಂಗಳದಲ್ಲಿ ಕೂತು, ಸಾಯುವ ಮೊದಲು ಒಂದು ಕಥೆ ಹೇಳುತ್ತೇನೆ ಅನ್ನುತ್ತಾನೆ. ಕತ್ತಿ ಹೊರಬರುವ ಹೊತ್ತಿಗೆ ಆ ಮನೆತನದ ಮಾನ ಹೋಗಿರುತ್ತದೆ. ಕೊರಿಯನ್ ಎಂದು ಎಲ್ಲರೂ ಕೊಂಡಾಡುವ 2003ರ ‘ಓಲ್ಡ್‌ಬಾಯ್’ ಕೂಡ ಜಪಾನಿನ ಕಾಮಿಕ್ಸ್ ಪುಸ್ತಕದಿಂದ ಹುಟ್ಟಿದ್ದು. ಸೇಡಿನವರಿಗೆ ಮಾತಾಡಲು ಹೊತ್ತು ಕೊಡುವುದು ಅವರ ಪದ್ಧತಿ. ನಮ್ಮಲ್ಲಿ ಆ ಪದ್ಧತಿ ಇತ್ತೋ ಇಲ್ಲವೋ, ಇದ್ದರೆ ಎಲ್ಲಿ ಕಡಿಯಿತು ಎಂದು ಕೇಳಿಕೊಂಡೇ ನಮ್ಮ ಚಿತ್ರಗಳನ್ನು ನೋಡಬೇಕು.

ನಮ್ಮ ವಿಜಯಪುರ ಜಿಲ್ಲೆಯ ಗೊಳಸಂಗಿಯಂಥ ಊರಿನವರಿಗೆ ಇದರ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕೃಷ್ಣೆ ದಾಟಿದರೆ ಬಾಗಲಕೋಟೆ ಸೀಮೆ. ಅಲ್ಲಿಯ ಮುಧೋಳ ರನ್ನನ ಊರು. ಹತ್ತನೆಯ ಶತಮಾನದ ‘ಗದಾಯುದ್ಧ’ ಇಡೀ ಮಹಾಭಾರತವನ್ನು ಒಂದು ಸೇಡಿನ ದಿನದಲ್ಲಿ ನಿಂತು ಹಿಂದಿರುಗಿ ನೋಡುತ್ತದೆ. ಪಂಡಿತರು ಸಿಂಹಾವಲೋಕನ ಎನ್ನುವ ಆ ಕ್ರಮವನ್ನು ಸಿನಿಮಾದವರು ಫ್ಲ್ಯಾಷ್‌ಬ್ಯಾಕ್ ಎನ್ನುತ್ತಾರೆ. ಅದರಲ್ಲಿ ದ್ರೌಪದಿ ಭೀಮನನ್ನು ಕೆಣಕಿ ಎಬ್ಬಿಸುತ್ತಾಳೆ, ದುರ್ಯೋಧನ ತನ್ನವರ ಹೆಣಗಳ ನಡುವೆ ನಡೆಯುತ್ತ ಒಬ್ಬೊಬ್ಬರ ಮುಂದೆ ನಿಂತು ಅಳುತ್ತಾನೆ. ಸೇಡು ತೀರಿಸುವವನಿಗೂ ಸೇಡಿಗೆ ಈಡಾಗುವವನಿಗೂ ಕವಿ ಸಮವಾಗಿ ಬಾಯಿ ಕೊಟ್ಟಿದ್ದಾನೆ. ಸಾವಿರ ವರ್ಷದ ಮೇಲೆ ಅದೇ ಸೀಮೆಯ ಕಂದಗಲ್ ಹನುಮಂತರಾಯರು ‘ರಕ್ತರಾತ್ರಿ’ ಬರೆದು, ಅಶ್ವತ್ಥಾಮ ಸೇಡು ತೀರಿಸಿಕೊಂಡ ಇರುಳನ್ನು ಕಂಪನಿ ನಾಟಕದ ರಂಗಕ್ಕೆ ತಂದರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಜಾತ್ರೆಯ ನಾಟಕದಲ್ಲಿ ಬೆಳಗಿನ ಜಾವದವರೆಗೆ ಕೂತು, ಒಬ್ಬ ನಟ ಹಗೆಯನ್ನು ಮಾತಿನಲ್ಲೇ ಮಸೆಯುವುದನ್ನು ಕೇಳಿದ ಜನಕ್ಕೆ ಮೊರಿಗುಚಿಯ ಅರ್ಧ ಗಂಟೆ ಹೊಸದೆನಿಸಲಾರದು.

ಸಿನಿಮಾ ಈ ಆಸ್ತಿಗೆ ವಾರಸುದಾರನಾಗಲಿಲ್ಲ. 1934ರ ‘ಸತಿ ಸುಲೋಚನ’ದಿಂದ ಮೂರು ದಶಕ ಹೆಚ್ಚಾಗಿ ಪುರಾಣ, ಭಕ್ತಿ, ಇತಿಹಾಸದಲ್ಲಿ ಹೋಯಿತು. ಅಲ್ಲಿ ದುಷ್ಟರನ್ನು ದೇವರು ನೋಡಿಕೊಳ್ಳುತ್ತಿದ್ದ, ಮನುಷ್ಯರು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. 1968ರ ‘ಜೇಡರ ಬಲೆ’ಯಿಂದ ಪತ್ತೇದಾರಿಕೆ ಬಂತು, ಆದರೆ ರಾಜಕುಮಾರ್ ಅವರ ಸಿಐಡಿ 999ಗೆ ವೈಯಕ್ತಿಕ ಹಗೆ ಎಂಬುದಿರಲಿಲ್ಲ. ಮನಸ್ಸು ತೆರೆಗೆ ಬಂದದ್ದು ಬೇರೆ ಬಾಗಿಲಿನಿಂದ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಕ್ಯಾಮೆರಾ: 1971ರ ‘ಶರಪಂಜರ’ದಲ್ಲಿ ಕಲ್ಪನಾ ಅವರ ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ಮತ್ತೆ ಹುಚ್ಚಿಗೆ ದೂಡುತ್ತಾರೆ. ಅವಳಿಗೆ ಸೇಡಿನ ಯೋಚನೆ ಬಂದಿದ್ದರೆ ಚಿತ್ರ ಏನಾಗುತ್ತಿತ್ತು? ಪುಟ್ಟಣ್ಣನವರ ಹೆಣ್ಣುಗಳು ಮುರಿದುಬೀಳುತ್ತಾರೆ, ತಿರುಗಿಬೀಳುವುದು ಕಡಿಮೆ.

1974ರ ‘ಭೂತಯ್ಯನ ಮಗ ಅಯ್ಯು’ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, ಲೋಕೇಶ್ ಮತ್ತು ವಿಷ್ಣುವರ್ಧನ್. ಸಾಲ ಕೊಟ್ಟು ಊರು ಸುಲಿದ ಅಪ್ಪನ ಪಾಪ ಮಗನ ತಲೆಗೆ, ಗುಳ್ಳನ ಹಗೆ ಆ ಮಗನ ಮೇಲೆ, ಕೊನೆಗೆ ನೆರೆಯ ನೀರಿನಲ್ಲಿ ಎಲ್ಲವೂ ಕರಗುವುದು. ಇದನ್ನು ಹಳ್ಳಿ ಚಿತ್ರ, ಗಾಂಧಿವಾದದ ಚಿತ್ರ ಎಂದು ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಹಗೆ ಒಬ್ಬ ಮನುಷ್ಯನ ಮನೆಯನ್ನು, ಅನ್ನವನ್ನು, ನಿದ್ದೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಚಿತ್ರ ನಮ್ಮಲ್ಲಿ ಮತ್ತೊಂದಿಲ್ಲ.

ಜಪಾನಿನ ಜೊತೆ ನಮ್ಮ ನೇರ ಲೇವಾದೇವಿಯೂ ಹಳೆಯದೇ. 1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ತೆಗೆದಾಗ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಋಣ ಬಚ್ಚಿಟ್ಟುಕೊಳ್ಳಲಿಲ್ಲ. ದಾಯಾದಿಗಳ ಜಗಳದಲ್ಲಿ ಕೂಲಿಗೆ ಕಾದಾಡುವ ಗಂಡುಗಲಿಯಾಗಿ ಬಂದ ಶಂಕರನಾಗ್‌ಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಕಾಶೀನಾಥ್ ‘ಅಪರಿಚಿತ’ ಎಂಬ ಥ್ರಿಲ್ಲರ್ ತೆಗೆದರು. ಮುಂದೆ ದ್ವಂದ್ವಾರ್ಥದ ಹಾಸ್ಯಕ್ಕೆ ಅವರ ಹೆಸರನ್ನು ಕಟ್ಟಿಹಾಕಿದ ಮಂದಿ ಈ ಚಿತ್ರವನ್ನು ಮರೆತೇಬಿಟ್ಟರು. ಹಿಂದಿಯವರು ಮರೆಯದೆ ಅವರ ಕೈಯಲ್ಲೇ ಮತ್ತೆ ಮಾಡಿಸಿದರು.

ಎಂಬತ್ತರ ದಶಕ ಸೇಡಿನ ಸುಗ್ಗಿ. 1981ರ ‘ಅಂತ’ದಲ್ಲಿ ಅಂಬರೀಶ್ ಅನುಭವಿಸುವ ಚಿತ್ರಹಿಂಸೆ, ಕನ್ವರ್‌ಲಾಲ್ ಎಂಬ ಹೆಸರು, ಸೆನ್ಸಾರಿನ ಗಲಾಟೆ ಎಲ್ಲ ಮನೆಮಾತಾದವು. ಅದರಲ್ಲಿ ಸಿಟ್ಟಿತ್ತು, ಆ ಸಿಟ್ಟು ನಿಜವಾದದ್ದೇ. ಆದರೆ ಅದನ್ನು ಅನುಕರಿಸಿದವರು ಸಿಟ್ಟನ್ನು ಬಿಟ್ಟು ಹೊಡೆದಾಟವನ್ನಷ್ಟೇ ಎತ್ತಿಕೊಂಡರು. ಮಾತು ಕಡಿದದ್ದು ಅಲ್ಲಿಯೇ ಎಂಬುದು ನನ್ನ ಲೆಕ್ಕ.

ಕಡಿದದ್ದನ್ನು ಮತ್ತೆ ಹೆಣೆದವರು ಶಂಕರನಾಗ್ ಮತ್ತು ಸುನೀಲ್‌ಕುಮಾರ್ ದೇಸಾಯಿ. ಇವರ ಚಿತ್ರಗಳಿಗೆ ಟಿಕೆಟ್ ತೆಗೆಸಿ ಬೆಳೆದ ತಲೆಮಾರು ನಮ್ಮದು, ಹೊಗಳಿಕೆ ಒಂದು ತೂಕ ಹೆಚ್ಚಾದರೆ ಓದುಗರು ಸಹಿಸಿಕೊಳ್ಳಬೇಕು. ಶಂಕರನಾಗ್ ನಿರ್ದೇಶನದ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯೊಬ್ಬನ ಮಗ ಅಮಲೇರಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹಾಯಿಸುತ್ತಾನೆ. ಉಳಿದವನು ಒಬ್ಬನೇ, ರಮೇಶ್ ಭಟ್ ಮಾಡಿದ ರಾಮಣ್ಣ. ಅಪ್ಪನಾಗಿ ಅನಂತನಾಗ್, ಪತ್ರಕರ್ತನಾಗಿ ಶಂಕರನಾಗ್. ಇಳಯರಾಜಾ ಅವರಂಥ ಸಂಗೀತಗಾರರನ್ನು ಕರೆಸಿಯೂ ಹಾಡಿಲ್ಲದೆ ಚಿತ್ರ ಮಾಡುವ ಎದೆಗಾರಿಕೆ ಆ ಕಾಲಕ್ಕೆ ಸಣ್ಣದಲ್ಲ. ತಪ್ಪು ಮಾಡಿದ ಹುಡುಗನ ಬೆವರನ್ನೂ ಕ್ಯಾಮೆರಾ ನೋಡುತ್ತದೆ. ಎಲ್ಲ ಕಳೆದುಕೊಂಡವನ ಒಣಗಿದ ಕಣ್ಣನ್ನೂ ನೋಡುತ್ತದೆ.

ದೇಸಾಯಿ 1989ರ ‘ತರ್ಕ’ದಲ್ಲಿ ಶಂಕರನಾಗ್‌ರನ್ನೇ ಇಟ್ಟುಕೊಂಡು, ಹಾಡುಗಳನ್ನು ಕಿತ್ತೆಸೆದು, ಪ್ರೇಕ್ಷಕರಿಗೆ ಯೋಚಿಸಲು ಜಾಗ ಮಾಡಿಕೊಟ್ಟರು. ಮರುವರ್ಷವೇ ‘ಉತ್ಕರ್ಷ’. 1993ರ ಸುಮಾರಿಗೆ ಬಂದ ‘ನಿಷ್ಕರ್ಷ’ ಮಣಿಪಾಲದ ಒಂದು ಬಹುಮಹಡಿ ಕಟ್ಟಡದೊಳಗೆ, ಬ್ಯಾಂಕ್ ದರೋಡೆಕೋರರ ನಡುವೆ ನಡೆಯುತ್ತದೆ. ವಿಷ್ಣುವರ್ಧನ್, ಅನಂತನಾಗ್ ಇದ್ದೂ ಹಾಡಿಲ್ಲ. ಅದು ಇಂಗ್ಲಿಷ್ ಚಿತ್ರದ ನೆರಳು ಎನ್ನುತ್ತಾರೆ, ಇರಬಹುದು. ಗುಣಸಿಂಗ್ ಅವರ ಹಿನ್ನೆಲೆ ಸಂಗೀತದಲ್ಲಿ ಗಡಿಯಾರದ ಮುಳ್ಳು ನಡೆದಂಥ ಆ ಬಿಗಿಗೆ ನೆರಳಿನ ಋಣವಿಲ್ಲ. ದೇಸಾಯಿಯವರ ಕೊರತೆಯೆಂದರೆ, ಅವರಿಗೆ ಒಗಟಿನ ಮೇಲೆ ಇದ್ದಷ್ಟು ಪ್ರೀತಿ ನೋವಿನ ಮೇಲೆ ಇರಲಿಲ್ಲ. ಕೊಂದದ್ದು ಯಾರು ಎಂದು ತಿಳಿದಾಗ ಅವರ ಚಿತ್ರ ಮುಗಿಯುತ್ತದೆ. ‘ಕೊಕುಹಾಕು’ ಅಲ್ಲಿಂದ ಶುರುವಾಗುತ್ತದೆ.

1995ರಲ್ಲಿ ಉಪೇಂದ್ರರ ‘ಓಂ’ ಬಂತು, ರೌಡಿಸಂಗೆ ಸೌಂದರ್ಯ ಬಂತು. ಮುಂದಿನ ಹದಿನೈದು ವರ್ಷ ಮಚ್ಚೇ ಮಾತಾಡಿತು. ಈ ಕಾಲವನ್ನು ನಾನು ಬೇಗ ದಾಟುತ್ತೇನೆ. ದಾಟುವಾಗ ನಿಲ್ಲಬೇಕಾದ ಜಾಗ ಒಂದೇ, 2004ರ ‘ಆಪ್ತಮಿತ್ರ’. ಮಲಯಾಳದ ‘ಮಣಿಚಿತ್ರತಾಳ್’ನ ಮರುರೂಪವೆಂದು ಎಲ್ಲರಿಗೂ ಗೊತ್ತು, ಬಹುಕಾಲ ಓಡಿದ್ದೂ ಗೊತ್ತು. ಯಾರೂ ಗಮನಿಸದ ಸಂಗತಿಯೆಂದರೆ, ನಮ್ಮಲ್ಲಿ ಅತ್ಯಂತ ಜನಪ್ರಿಯವಾದ ಹೆಣ್ಣಿನ ಸೇಡು ಇದೇ. ನಾಗವಲ್ಲಿಗೆ ತನ್ನ ಹಗೆ ಹೇಳಿಕೊಳ್ಳಲು ಗಂಗಾಳ ಮೈ ಬೇಕು, ತೆಲುಗಿನ ಹಾಡು ಬೇಕು, ಕೊನೆಗೆ ಅದು ಕಾಯಿಲೆಯೆಂದು ಷರಾ ಬರೆಯುವ ವೈದ್ಯರೂ ಬೇಕು. 2016ರ ‘ಯೂ ಟರ್ನ್’ನಲ್ಲೂ ಹಾಗೆಯೇ. ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿ ಹಿಡಿದವರನ್ನು ಕೊಲ್ಲುವುದು ಅಪಘಾತದಲ್ಲಿ ಸತ್ತ ಮಾಯಾಳ ದೆವ್ವ. ಆ ದಿನ ಕಲ್ಲು ಸರಿಸಿದ್ದು ಅವಳ ಗಂಡನೇ ಎಂದು ತಿಳಿಯುವ ತಿರುವು ನಿರ್ದೇಶಕ ಪವನ್‌ಕುಮಾರ್ ಬರೆದದ್ದರಲ್ಲೇ ಶ್ರೇಷ್ಠ. ಅಪರಾಧಭಾವ ಹಗೆಯ ವೇಷ ಹಾಕಿ ಬರುವುದನ್ನು ಕನ್ನಡದಲ್ಲಿ ಇಷ್ಟು ಚೊಕ್ಕವಾಗಿ ಬೇರೆ ಯಾರೂ ಹೇಳಿಲ್ಲ. ಜಪಾನಿನಲ್ಲೂ ಸೇಡಿನ ಹೆಣ್ಣುದೆವ್ವಗಳು ಬೇಕಾದಷ್ಟಿವೆ, 1968ರ ‘ಕುರೊನೆಕೊ’ ನೋಡಿ. ಅವರು ದೆವ್ವದ ಪಕ್ಕದಲ್ಲೇ ಬದುಕಿರುವ, ಲೆಕ್ಕ ಹಾಕುವ ಹೆಣ್ಣನ್ನೂ ಕೂರಿಸಿದರು. ನಮ್ಮಲ್ಲಿ ಬದುಕಿದ್ದ ಹೆಣ್ಣಿಗೆ ಸೇಡಿನ ಪಾತ್ರ ಸಿಕ್ಕಿದ್ದು ಮಾಲಾಶ್ರೀಯವರ ಹೊಡೆದಾಟದ ಚಿತ್ರಗಳಲ್ಲಿ. ಖಾಕಿ ತೊಟ್ಟು, ಗಂಡಸಿನಂತೆ ಒದ್ದು.

ಈಚಿನವರಲ್ಲಿ ಕರಾವಳಿಯವರು ಮುಂದಿದ್ದಾರೆ. ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿ, ಕುರೊಸಾವಾ ಅವರ ‘ರಾಶೊಮಾನ್’ ದಾರಿಯನ್ನು ಮಲ್ಪೆಯ ಬಂದರಿಗೆ ತಂದಿತು. ರಾಜ್ ಬಿ. ಶೆಟ್ಟಿಯವರ 2021ರ ‘ಗರುಡ ಗಮನ ವೃಷಭ ವಾಹನ’ ಮಂಗಳಾದೇವಿಯ ಇಬ್ಬರು ಗೆಳೆಯರ ಕಥೆ. ಅದರ ಶಿವ ಏಕೆ ಕೊಲ್ಲುತ್ತಾನೆ ಎಂದು ಅವನಿಗೇ ಹೇಳಲು ಬಾರದು, ಚಿತ್ರ ಆ ಬಾರದಿರುವಿಕೆಯನ್ನೇ ಹಿಡಿದಿದೆ. ಇನ್ನೊಂದೆಡೆ ಹೇಮಂತ್ ರಾವ್ 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ವನ್ನು ಎರಡು ಭಾಗಗಳಲ್ಲಿ ಕೊಟ್ಟರು. ಧಣಿಯ ಮನೆಯವರ ಕಾರಿನ ತಪ್ಪನ್ನು ಹೊತ್ತು ಜೈಲಿಗೆ ಹೋದ ಡ್ರೈವರ್ ಮನು. ‘ಆಕ್ಸಿಡೆಂಟ್’ನ ಕಾರು ಅಷ್ಟು ವರ್ಷವಾದರೂ ನಿಂತಿಲ್ಲ ಅನ್ನಿಸುತ್ತದೆ. ಮೊದಲ ಭಾಗದ ಜೈಲಿನಲ್ಲಿ ಹಗೆ ಮೊಳೆಯುವ ರೀತಿ ಅಪರೂಪದ್ದು. ಎರಡನೆಯ ಭಾಗ ಕೊನೆಗೆ ರಕ್ತದ ಕಡೆಗೇ ವಾಲಿತು, ಪ್ರೇಕ್ಷಕರು ಅದನ್ನೇ ಕೇಳಿದರೋ ಏನೋ.

ಬಿಟ್ಟುಹೋದದ್ದು ಎಷ್ಟೋ ಇದೆ. ತಪ್ಪು ಮಾಡಿದ ಮಕ್ಕಳು ನಮ್ಮ ಚಿತ್ರಗಳಲ್ಲಿಲ್ಲ. ಹದಿನಾರು ದಾಟಿದವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಿಸಬಹುದೆಂದು 2015ರಲ್ಲಿ ದೇಶದ ಕಾನೂನೇ ಬದಲಾಯಿತು, ಮನೆಮನೆಯಲ್ಲಿ ಚರ್ಚೆಯಾಯಿತು. ಕನ್ನಡ ಥ್ರಿಲ್ಲರ್ ಅತ್ತ ತಲೆಹಾಕಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲೂ 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು ಕುಡಿಯುವ ಮಕ್ಕಳಿದ್ದಾರೆ, ದನಿ ಏರಿಸದ ಅಕ್ಕೋರಿದ್ದಾರೆ. ಕಥೆಗಾರರು ಮಾತ್ರ ಶಾಲೆಯ ಗೇಟು ದಾಟಿಲ್ಲ.

ಇನ್ನು ನಮ್ಮ ಜಿಲ್ಲೆ. ಬೆಂಗಳೂರಿನ ಕಣ್ಣಿಗೆ ವಿಜಯಪುರವೆಂದರೆ ಭೀಮಾತೀರ, ಭೀಮಾತೀರವೆಂದರೆ ನಾಡ ಪಿಸ್ತೂಲು. ಭೀಮೆ ಹರಿಯುವುದು ಇಂಡಿ, ಸಿಂದಗಿಯ ಅಂಚಿನಲ್ಲಿ. ಗೊಳಸಂಗಿಯವರು ಆಲಮಟ್ಟಿ ಕಡೆಯವರು, ಕೃಷ್ಣೆಯವರು. ಈ ವ್ಯತ್ಯಾಸ ಯಾರಿಗೆ ಬೇಕು? ಭೀಮಾತೀರದಲ್ಲಿ ತಲೆಮಾರುಗಳಿಂದ ನಡೆದ ಸೇಡಿನ ಕೊಲೆಗಳು ನಿಜ. 2012ರ ‘ಭೀಮಾ ತೀರದಲ್ಲಿ’ ಅವುಗಳಲ್ಲೊಂದನ್ನು ಎತ್ತಿಕೊಂಡು, ಹಾಡು ಹೊಡೆದಾಟ ಸೇರಿಸಿ, ಯಾವ ಊರಲ್ಲಾದರೂ ನಡೆಯಬಹುದಾದ ಚಿತ್ರವಾಗಿ ಕೈಗಿತ್ತಿತು. ಒಂದು ಕೊಲೆಗೂ ಇನ್ನೊಂದು ಕೊಲೆಗೂ ನಡುವೆ ವರ್ಷಗಳಿರುತ್ತವೆ. ಆ ವರ್ಷಗಳಲ್ಲಿ ಹೊಲ ಬೀಳುಬೀಳುತ್ತದೆ, ಕೋರ್ಟಿನ ತಾರೀಖು ಬೀಳುತ್ತದೆ. ಸತ್ತವನ ಹೆಂಡತಿ ಸಾಕ್ಷಿ ಹೇಳಲೋ ಬೇಡವೋ, ಮಗನಿಗೆ ಅಪ್ಪನ ಹೆಸರನ್ನು ಹೇಗೆ ಹೇಳಿಕೊಡಲಿ, ಮೈದುನರು ಕಾಯುತ್ತಿರುವುದು ಏತಕ್ಕೆ ಎಂದು ಒಬ್ಬಳೇ ಲೆಕ್ಕ ಹಾಕುತ್ತಿರುತ್ತಾಳೆ. ಮನೋವೈಜ್ಞಾನಿಕ ಥ್ರಿಲ್ಲರ್ ಇರುವುದು ಆ ನಡುವಿನಲ್ಲಿ. ಅದಕ್ಕೆ ಫೈಟ್ ಮಾಸ್ಟರ್ ಬೇಡ, ಮಾತು ಬರೆಯಬಲ್ಲವರು ಬೇಕು. ಕಂದಗಲ್ಲರ ನಾಟಕ ಬಾಯಿಪಾಠ ಮಾಡಿ ಬೆಳೆದ ಅಂಥವರು ವಿಜಯಪುರ, ಬಾಗೇವಾಡಿ, ಮುದ್ದೇಬಿಹಾಳದಲ್ಲಿ ಈಗಲೂ ಸಿಗುತ್ತಾರೆ. ಬೆಂಗಳೂರಿನಿಂದ ಅವರಿಗೆ ಫೋನು ಬರುವುದೂ ಉಂಟು, ಖಳನಾಯಕನ ನಾಲ್ಕು ಡೈಲಾಗನ್ನು ಸ್ವಲ್ಪ ಉತ್ತರ ಕರ್ನಾಟಕ ಮಾಡಿಕೊಡಿ ಎಂದು.