ಕ್ವೀನ್ ಗೌರವ ಪ್ರದರ್ಶನಗಳ ಗಿಟಾರ್ ಪರಿಕರಗಳು

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಹಾಡುಗಳನ್ನು ವೇದಿಕೆಯ ಮೇಲೆ ಯಥಾವತ್ತಾಗಿ ಮರುಸೃಷ್ಟಿಸುವ 'ಟ್ರಿಬ್ಯೂಟ್' ತಂಡಗಳು ಇಂದು ಅನೇಕ ದೇಶಗಳಲ್ಲಿವೆ. ಫ್ರೆಡ್ಡಿ ಮರ್ಕ್ಯುರಿಯ ಮೀಸೆಯನ್ನೂ ಹಳದಿ ಜಾಕೆಟ್ಟನ್ನೂ ಅನುಕರಿಸುವುದು ಕಷ್ಟವೇನಲ್ಲ. ಬ್ರಯಾನ್ ಮೇ ಅವರ ಗಿಟಾರಿನ ನಾದವನ್ನು ಹೊರಡಿಸುವುದು ಮಾತ್ರ ಬೇರೆಯೇ ಮಾತು. ಏಕೆಂದರೆ ಮೂಲ ವಾದ್ಯವನ್ನು ಯಾವ ಅಂಗಡಿಯಿಂದಲೂ ಕೊಂಡು ತಂದದ್ದಲ್ಲ.

ದುಬಾರಿ ಗಿಟಾರ್ ಕೊಳ್ಳುವ ಶಕ್ತಿಯಿಲ್ಲದೆ, ಹದಿಹರೆಯದ ಮೇ ತಮ್ಮ ತಂದೆ ಹೆರಾಲ್ಡ್ ಅವರೊಡನೆ 1963ರಲ್ಲಿ ಮನೆಯಲ್ಲೇ ಇದರ ನಿರ್ಮಾಣಕ್ಕೆ ಕೈಹಾಕಿದರು. ಕತ್ತಿನ ಭಾಗಕ್ಕೆ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಮರ, ಟ್ರೆಮೊಲೊ ವ್ಯವಸ್ಥೆಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಅದರ ಹಿಡಿಕೆಗೆ ಹೆಣಿಗೆ ಕಡ್ಡಿಯ ತುದಿ, ಸ್ವರಸ್ಥಾನಗಳ ಗುರುತಿಗೆ ಮುತ್ತಿನ ಚಿಪ್ಪಿನ ಗುಂಡಿಗಳು ಬಳಕೆಯಾದವು. 'ರೆಡ್ ಸ್ಪೆಷಲ್' ಎಂದು ಹೆಸರಾದದ್ದು ಇದೇ. ಇದರ ಮೂರು ಬರ್ನ್ಸ್ ಟ್ರೈಸೋನಿಕ್ ಪಿಕಪ್‌ಗಳನ್ನು ಸರಣಿಯಾಗಿ ಜೋಡಿಸಲಾಗಿದೆ. ಪ್ರತಿಯೊಂದಕ್ಕೂ ಚಾಲೂ ಮಾಡಲು ಒಂದು, ಫೇಸ್ ತಿರುಗಿಸಲು ಇನ್ನೊಂದು ಸ್ವಿಚ್ ಇದೆ. ಪಿಕಪ್‌ಗಳನ್ನು ಸಮಾಂತರವಾಗಿ ಜೋಡಿಸಿರುವ ಸಾಮಾನ್ಯ ಸ್ಟ್ರಾಟೊಕಾಸ್ಟರ್‌ನಿಂದ ಈ ಧ್ವನಿ ಹೊರಡದಿರಲು ಇದೂ ಒಂದು ಕಾರಣ.

ಪ್ರತಿಕೃತಿಗಳಿಗೆ ಕೊರತೆಯಿಲ್ಲ. ಗಿಲ್ಡ್ ಕಂಪನಿ 1980ರ ದಶಕದಲ್ಲಿ ಇವನ್ನು ತಯಾರಿಸಿತು. ಆಸ್ಟ್ರೇಲಿಯದ ಕುಶಲಕರ್ಮಿ ಗ್ರೆಗ್ ಫ್ರೈಯರ್ 1990ರ ದಶಕದಲ್ಲಿ ಮೂಲ ವಾದ್ಯವನ್ನು ಅಳೆದು ನೋಡಿ ಮೂರು ಪ್ರತಿಗಳನ್ನು ಕಟ್ಟಿದರು. ಈಗ ಮೇ ಅವರದೇ ಬ್ರಯಾನ್ ಮೇ ಗಿಟಾರ್ಸ್ ಸಂಸ್ಥೆಯ ವಾದ್ಯ ಸುಲಭವಾಗಿ ದೊರೆಯುತ್ತದೆ. ಮೇ ಪ್ಲಾಸ್ಟಿಕ್ ಪಿಕ್ ಬದಲು ಆರು ಪೆನ್ಸ್ ನಾಣ್ಯದಿಂದ ತಂತಿ ಮೀಟುತ್ತಾರೆ. ಆ ನಾಣ್ಯ 1980ರಲ್ಲೇ ಚಲಾವಣೆಯಿಂದ ಹೊರಬಿದ್ದಿದೆಯಾದರೂ ಹಳೆಯ ನಾಣ್ಯಗಳ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಅದರ ಹಲ್ಲುಹಲ್ಲಾದ ಅಂಚು ತಂತಿಗೆ ತಾಗಿದಾಗ ಹೊರಡುವ ಸಣ್ಣ ಕರಕರ ಸದ್ದನ್ನು ಪ್ಲಾಸ್ಟಿಕ್ ಕೊಡಲಾರದು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ವೆಚ್ಚದ ಸುಧಾರಣೆ ಇದೇ ಎನ್ನಬಹುದು.

ನಿಜವಾದ ತೊಡಕು ಆಂಪ್ಲಿಫೈಯರಿನದು. ಮೇ ಬಳಸುವುದು ವಾಕ್ಸ್ ಎಸಿ-30 ಎಂಬ 30 ವ್ಯಾಟ್‌ಗಳ ವಾಲ್ವ್ ಯಂತ್ರವನ್ನು. ಅದರ ಮುಂದೆ ಟ್ರೆಬಲ್ ಬೂಸ್ಟರ್ ಇಟ್ಟು, ಧ್ವನಿಯನ್ನು ಪೂರ್ತಿ ತೆರೆದು, ಮೃದು ಸ್ವರ ಬೇಕಾದಾಗ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಮಾತ್ರ ಇಳಿಸುವುದು ಅವರ ಕ್ರಮ. 30 ವ್ಯಾಟ್ ಎಂಬ ಅಂಕಿ ಕಂಡು ಮೋಸಹೋಗಬಾರದು. ಪೂರ್ತಿ ತೆರೆದ ಎಸಿ-30 ಕ್ರೀಡಾಂಗಣಕ್ಕೆ ಒಪ್ಪೀತು, 300 ಆಸನಗಳ ಸಭಾಂಗಣದಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕೆಲವರು ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಅಳವಡಿಸುತ್ತಾರೆ. ಇನ್ನು ಕೆಲವರು ಆಂಪ್ಲಿಫೈಯರನ್ನೇ ಬಿಟ್ಟು ಕೆಂಪರ್, ಹೀಲಿಕ್ಸ್‌ನಂಥ ಡಿಜಿಟಲ್ ಮಾಡೆಲರ್‌ಗಳ ಮೊರೆಹೋಗುತ್ತಾರೆ.

ಮಾಡೆಲರ್‌ನಿಂದ ಸಾಗಾಟದ ಭಾರ ಇಳಿಯುತ್ತದೆ, ಪ್ರತಿ ರಾತ್ರಿಯೂ ಒಂದೇ ಧ್ವನಿ ದೊರೆಯುತ್ತದೆ. ಆದರೆ ಇದರಲ್ಲೊಂದು ನಷ್ಟವಿದೆ. ರೆಡ್ ಸ್ಪೆಷಲ್‌ನ ಒಡಲಲ್ಲಿ ಟೊಳ್ಳು ಜಾಗಗಳನ್ನು ಬಿಟ್ಟಿರುವುದೇ ಸ್ಪೀಕರಿನ ಗಾಳಿ ತಂತಿಯನ್ನು ಮತ್ತೆ ಮಿಡಿಸಿ ಸ್ವರ ದೀರ್ಘವಾಗಿ ಹಾಡುತ್ತಲೇ ಇರಲಿ ಎಂದು. ಕಿವಿಯೊಳಗಿನ ಮಾನಿಟರ್‌ಗಳನ್ನೇ ನೆಚ್ಚಿದ ನಿಶ್ಶಬ್ದ ವೇದಿಕೆಯಲ್ಲಿ ಆ ಫೀಡ್‌ಬ್ಯಾಕ್ ಹುಟ್ಟುವುದಿಲ್ಲ. ಆದಕಾರಣ ವಾದಕನ ಹಿಂದೆ ಒಂದಾದರೂ ನಿಜವಾದ ಸ್ಪೀಕರ್ ಇರುವುದು ಲೇಸು.

'ಬ್ರೈಟನ್ ರಾಕ್' ಏಕವ್ಯಕ್ತಿ ವಾದನಕ್ಕೆ ಮೇ ಎರಡು ಎಕೋಪ್ಲೆಕ್ಸ್ ಟೇಪ್ ಯಂತ್ರಗಳನ್ನು ಪ್ರತ್ಯೇಕ ಆಂಪ್‌ಗಳಿಗೆ ಜೋಡಿಸಿ ತಮ್ಮೊಡನೆ ತಾವೇ ನುಡಿಸಿಕೊಳ್ಳುತ್ತಿದ್ದರು. ಈಗ ಆ ಕೆಲಸಕ್ಕೆ ಒಂದು ಡಿಜಿಟಲ್ ಡಿಲೇ ಪೆಡಲ್ ಸಾಕು. 'ಬೊಹೀಮಿಯನ್ ರಾಪ್ಸಡಿ'ಯ ಒಪೆರಾ ಭಾಗಕ್ಕಂತೂ ಯಾವ ಪರಿಕರವೂ ಬೇಕಿಲ್ಲ. ಸ್ವತಃ ಕ್ವೀನ್ ತಂಡವೇ ಅಲ್ಲಿ ಧ್ವನಿಮುದ್ರಣ ಹಾಕಿ ವೇದಿಕೆಯಿಂದ ಇಳಿದುಹೋಗುತ್ತಿತ್ತು. ಗೌರವ ತಂಡದ ಗಿಟಾರ್ ವಾದಕನಿಗೂ ನಾಣ್ಯ ಬದಲಿಸಿಕೊಂಡು ಶ್ರುತಿ ಸರಿಮಾಡಿಕೊಳ್ಳಲು ಆಗ ಬಿಡುವು ಸಿಗುತ್ತದೆ.