ಕೇಂದ್ರ–ರಾಜ್ಯ ಅಧಿಕಾರ ಹಂಚಿಕೆ: ನವಲಗುಂದ ಸೀಮೆಯ ನೀರಿನ ಪ್ರಶ್ನೆ

ಭಾರತದ ಸಂವಿಧಾನವು ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೂ ರಾಜ್ಯ ವಿಧಾನಮಂಡಲಗಳಿಗೂ ಹಂಚಿಕೊಟ್ಟಿದೆ. ಇದಕ್ಕೆ ಆಧಾರ 246ನೇ ವಿಧಿ ಮತ್ತು ಏಳನೇ ಅನುಸೂಚಿ. ಸಂವಿಧಾನ ಜಾರಿಗೆ ಬಂದಾಗ ಈ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. ಸಮವರ್ತಿ ವಿಷಯಗಳ ಮೇಲೆ ಇಬ್ಬರೂ ಕಾನೂನು ಮಾಡಬಹುದು; ತಿಕ್ಕಾಟ ಬಂದರೆ ಸಾಮಾನ್ಯವಾಗಿ ಸಂಸತ್ತಿನದೇ ನಿಲ್ಲುತ್ತದೆ. ಯಾವ ಪಟ್ಟಿಗೂ ಸೇರದ್ದು ಸಂಸತ್ತಿಗೆ ಸೇರುತ್ತದೆ. ಮೂರು ಪಟ್ಟಿಗಳ ಏರ್ಪಾಡು 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಹಂಚಿಕೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಬೊಂಬಾಯಿ ರಾಜ್ಯದಲ್ಲಿದ್ದ ಧಾರವಾಡ 1956ರ ನವೆಂಬರ್ 1ರಂದು ಇಂದಿನ ಕರ್ನಾಟಕಕ್ಕೆ ಸೇರಿದ್ದು ಸಂಸತ್ತಿನ ಕಾಯ್ದೆಯಿಂದ. ಆದರೆ 1997ರಲ್ಲಿ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಜಿಲ್ಲೆಗಳನ್ನು ಮಾಡಲು, ಮುಂದೆ ಅಣ್ಣಿಗೇರಿಯನ್ನು ನವಲಗುಂದದಿಂದ ಬೇರ್ಪಡಿಸಿ ತಾಲ್ಲೂಕು ಮಾಡಲು ರಾಜ್ಯದ ಆದೇಶವೇ ಸಾಕಾಯಿತು. ಎಪಿಎಂಸಿ ನಡೆಯುವುದು ರಾಜ್ಯದ ಕಾಯ್ದೆಯಂತೆ. ಅಲ್ಲಿಗೆ ಬರುವ ಹೆಸರು, ಕಡಲೆಗೆ ಬೆಂಬಲ ಬೆಲೆ ಗೊತ್ತುಮಾಡುವುದು, ಉಳ್ಳಾಗಡ್ಡಿಯ ರಫ್ತಿಗೆ ತಡೆ ಹಾಕುವುದು ಕೇಂದ್ರ. ಆದರೂ ಹಂಚಿಕೆಯ ತೊಡಕೆಲ್ಲ ಗಂಟುಬಿದ್ದಿರುವುದು ನೀರಿನಲ್ಲಿ.

ನೀರು ಮತ್ತು ನೀರಾವರಿ ರಾಜ್ಯ ಪಟ್ಟಿಯ 17ನೇ ನಮೂದು. ಆದರೆ ಅದು ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟದ್ದು: ಅಂತರರಾಜ್ಯ ನದಿಗಳ ನಿಯಂತ್ರಣ, ಅಭಿವೃದ್ಧಿಯನ್ನು ಸಂಸತ್ತು ತನ್ನ ಕೈಗೆ ತೆಗೆದುಕೊಳ್ಳಬಹುದು. ಕಲಘಟಗಿ ತಾಲ್ಲೂಕಿನಲ್ಲಿ ಹರಿಯುವ ಬೇಡ್ತಿ ಕರ್ನಾಟಕದಲ್ಲೇ ಹುಟ್ಟಿ ಉತ್ತರ ಕನ್ನಡದಲ್ಲಿ ಗಂಗಾವಳಿಯಾಗಿ ಕಡಲು ಸೇರುವುದರಿಂದ ಅದಕ್ಕೆ ಈ ನಮೂದು ತಗಲುವುದಿಲ್ಲ. ಕುಂದಗೋಳ, ನವಲಗುಂದದ ಎರೆಹೊಲಗಳನ್ನು ಮಳೆಗಾಲದಲ್ಲಿ ಮುಳುಗಿಸುವ ಬೆಣ್ಣಿಹಳ್ಳದ ಕಥೆಯೇ ಬೇರೆ. ಅದು ಮಲಪ್ರಭಾ ಸೇರಿ, ಮಲಪ್ರಭಾ ಕೃಷ್ಣೆಯನ್ನು ಸೇರಿ ಅಂತರರಾಜ್ಯ ಲೆಕ್ಕಕ್ಕೆ ಬರುತ್ತದೆ.

1980ರ ನವಲಗುಂದ–ನರಗುಂದ ರೈತ ಬಂಡಾಯವನ್ನು ಈ ಹಂಚಿಕೆಯ ಕಣ್ಣಿನಿಂದ ನೋಡಿದವರು ಕಡಿಮೆ. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ಹೊಲಗಳ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಹೋರಾಟ ಅದು; ಆ ವರ್ಷದ ಜುಲೈ 21ರಂದು ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಕಾಲುವೆ ರಾಜ್ಯದ್ದು, ಕರ ರಾಜ್ಯದ್ದು, ಪೊಲೀಸರೂ ರಾಜ್ಯದವರು. ಯಾರನ್ನು ಕೇಳಬೇಕು, ಉತ್ತರ ಕೊಡಬೇಕಾದವರು ಯಾರು ಎಂಬ ಬಗ್ಗೆ ರೈತನಿಗೆ ಗೊಂದಲವಿರಲಿಲ್ಲ.

ಗೋವಾಕ್ಕೆ ಹರಿಯುವ ಮಹದಾಯಿ ನದಿಯ ವಿಷಯದಲ್ಲಿ ಆ ಸ್ಪಷ್ಟತೆ ಇಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಅದನ್ನು ಸೇರುವ, ಕಣಕುಂಬಿಯ ಹತ್ತಿರದ ಕಳಸಾ ಮತ್ತು ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸುವುದು ಕರ್ನಾಟಕದ ಯೋಜನೆ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ವರ್ಷವಿಡೀ ಅದನ್ನೇ ಕುಡಿಯುವ ಊರುಗಳಿಗೆ ಇದೇ ಭರವಸೆ. 2002ರ ಏಪ್ರಿಲ್‌ನಲ್ಲಿ 7.56 ಟಿಎಂಸಿ ಅಡಿಗೆ ತಾತ್ವಿಕ ಒಪ್ಪಿಗೆ ಕೊಟ್ಟ ಕೇಂದ್ರ, ಗೋವಾ ತಕರಾರು ಎತ್ತಿದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ತಡೆಹಿಡಿಯಿತು. 262ನೇ ವಿಧಿಯಡಿ ಬಂದ 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಂತೆ ನ್ಯಾಯಮಂಡಳಿ ರಚನೆಯಾದದ್ದು 2010ರ ನವೆಂಬರ್‌ನಲ್ಲಿ, ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅಧ್ಯಕ್ಷತೆಯಲ್ಲಿ.

2016ರ ಜುಲೈ 27ರಂದು ಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು. ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಬಡಿದರು. ನೀರು ಸಿಗದೆಂಬ ಆದೇಶ ಕೇಂದ್ರ ರಚಿಸಿದ ಮಂಡಳಿಯದು. ಅದರಿಂದ ಎದ್ದ ಸಿಟ್ಟನ್ನು ಎದುರಿಸಿದ್ದು ರಾಜ್ಯದ ಪೊಲೀಸರು, ಏಕೆಂದರೆ ಶಾಂತಿಪಾಲನೆ ಮತ್ತು ಪೊಲೀಸ್ ರಾಜ್ಯ ಪಟ್ಟಿಯ ಮೊದಲೆರಡು ನಮೂದುಗಳು.

ಮಂಡಳಿಯ ಐತೀರ್ಪು ಬಂದದ್ದು 2018ರ ಆಗಸ್ಟ್ 14ರಂದು. ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಸಿಕ್ಕಿತೆಂಬ ಸುದ್ದಿ ಕೇಳಿ ಹಿಗ್ಗಿದವರು ಬಿಡಿ ಲೆಕ್ಕವನ್ನು ನೋಡಬೇಕು: ಅದರಲ್ಲಿ 8.02 ಜಲವಿದ್ಯುತ್ತಿಗೆ, 1.5 ಮಹದಾಯಿ ಕಣಿವೆಯ ಬಳಕೆಗೆ. ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಮಾತ್ರ, ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18. ಇಂಥ ಐತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯ ಬಲವಿದೆ. ಆದರೆ ಅದು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಆ ಪ್ರಕಟಣೆಗೆ 2020ರ ಫೆಬ್ರುವರಿ 27ರವರೆಗೆ ಕಾಯಬೇಕಾಯಿತು. ಜಲವಿವಾದಗಳನ್ನು ಕೋರ್ಟುಗಳಿಂದ ದೂರವಿಡಲು 262ನೇ ವಿಧಿ ಅವಕಾಶ ಕೊಟ್ಟಿದ್ದರೂ, ವಿಶೇಷ ಮೇಲ್ಮನವಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ.

ಗೆಜೆಟ್ ಬಂದರೂ ಕಾಲುವೆ ತೋಡುವಂತಿಲ್ಲ. ಕಣಕುಂಬಿ ಪಶ್ಚಿಮಘಟ್ಟದ ಕಾಡು. ಅರಣ್ಯ ಮತ್ತು ವನ್ಯಜೀವಿ ಮೊದಲು ರಾಜ್ಯ ಪಟ್ಟಿಯಲ್ಲಿದ್ದವು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಾಗಿ ರಾಜ್ಯಗಳೇ 252ನೇ ವಿಧಿಯಂತೆ ಸಂಸತ್ತನ್ನು ಕೇಳಿಕೊಳ್ಳಬೇಕಾಗಿತ್ತು. 1976ರ 42ನೇ ತಿದ್ದುಪಡಿ ಎರಡನ್ನೂ ಸಮವರ್ತಿ ಪಟ್ಟಿಗೆ ಒಯ್ದಿತು. ಆ ಬಲದ ಮೇಲೆ ಬಂದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಿಂದಾಗಿ, ರಾಜ್ಯದ್ದೇ ಕಾಡನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಕಾಡಿಗೆ ಈ ಕಾವಲು ಬೇಕೇ ಬೇಕು. ತಪ್ಪಿರುವುದು ಅನುಕ್ರಮದಲ್ಲಿ: ನದಿ ನೀರಿನ ಪಾಲು ತೀರ್ಮಾನಿಸುವವರು, ಗೆಜೆಟ್ ಹೊರಡಿಸುವವರು, ಯೋಜನಾ ವರದಿ ಒಪ್ಪುವವರು, ಕಾಡಿನ ಅನುಮತಿ ಕೊಡುವವರು ಒಬ್ಬರಾದ ಮೇಲೊಬ್ಬರು ಕೂರುತ್ತಾರೆ, ಒಟ್ಟಿಗೆ ಕೂರುವುದಿಲ್ಲ. 56ನೇ ನಮೂದಿನ ಆಧಾರದ ಮೇಲೆ 1956ರಲ್ಲೇ ಬಂದ ನದಿ ಮಂಡಳಿ ಕಾಯ್ದೆ ಒಟ್ಟಿಗೆ ಕೂರಲು ದಾರಿ ತೋರಿತ್ತು. ಅದರಡಿ ಒಂದು ಮಂಡಳಿಯೂ ರಚನೆಯಾಗಲಿಲ್ಲ. ಕಳಸಾ–ಬಂಡೂರಿಯ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಐತೀರ್ಪಿನ ಜಾರಿಯನ್ನು ನೋಡಿಕೊಳ್ಳಲು ‘ಪ್ರವಾಹ್’ ಪ್ರಾಧಿಕಾರಕ್ಕೆ ಕೇಂದ್ರ ಸಂಪುಟ ಅನುಮೋದನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ತೀರ್ಪು ಬಂದು ನಾಲ್ಕೂವರೆ ವರ್ಷವಾದ ಮೇಲೆ.