ನೆರೆಯ ನೆಲದ ಆಸರೆ: ಒಂದು ಹಕ್ಕಿನ ಇತಿಹಾಸ

ಉಡುಪಿಯಿಂದ ಮಂಗಳೂರಿನತ್ತ ಹೆದ್ದಾರಿಯಲ್ಲಿ ಸಾಗಿದರೆ ಉಚ್ಚಿಲದ ನಂತರ ಎರ್ಮಾಳು ಸಿಗುತ್ತದೆ. ತುಳುವಿನಲ್ಲಿ ಉತ್ತರ, ದಕ್ಷಿಣಗಳನ್ನು ಸೂಚಿಸುವ ಬಡಾ ಮತ್ತು ತೆಂಕ ಎಂಬ ಎರಡು ಗ್ರಾಮಗಳು ಇಲ್ಲಿವೆ. ಕಡಲ ಬದಿಯ ನೆಲವೆಲ್ಲ ಮರಳು. ಇಂಥ ನೆಲದಲ್ಲಿ ಒಬ್ಬರು ಹೊಸ ಕಟ್ಟಡದ ಪಾಯಕ್ಕೆಂದು ಆಳವಾಗಿ ಅಗೆದರೆ ಪಕ್ಕದ ಮನೆಯ ಗೋಡೆ ಬಿರುಕು ಬಿಡಬಹುದು. ನನ್ನ ಜಾಗದಲ್ಲಿ ನಾನು ಅಗೆಯುವುದನ್ನು ತಡೆಯುವ ಹಕ್ಕು ನೆರೆಯವರಿಗೆ ಇದೆಯೆ? ಈ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ ಎಷ್ಟಿದೆಯೋ ಮಣ್ಣಿನ ಗುಣದಲ್ಲೂ ಅಷ್ಟೇ ಇದೆ.

ನೆರೆಯವರ ಗೋಡೆಯ ಚಿಂತೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ನೀರು ಹರಿಸಿ ಪರರ ಗೋಡೆಯನ್ನು ಕೆಡಿಸಿದವನಿಗೆ 12 ಪಣಗಳ ದಂಡ ವಿಧಿಸಲಾಗಿದೆ. ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿ.

ಮಣ್ಣು ಕುಸಿಯುವ ಬಗೆ

ಅಗೆತದ ಬದಿಯ ಮಣ್ಣು ಹೇಗೆ ಕುಸಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ 1776ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಕೂಲಂಬ್. ವಿದ್ಯುದಾವೇಶಗಳ ನಿಯಮಕ್ಕೆ ಹೆಸರಾದ ಅದೇ ಕೂಲಂಬ್! ಅವನ ಪ್ರಕಾರ ಮಣ್ಣು ಬೆಣೆಯಾಕಾರದಲ್ಲಿ ಜಾರುತ್ತದೆ. ಒಣ ಮರಳಿನ ಆಂತರಿಕ ಘರ್ಷಣ ಕೋನ ಸುಮಾರು 30 ಡಿಗ್ರಿ ಎಂದುಕೊಳ್ಳಿ. ಆಗ ಜಾರುವ ಸಮತಲವು ಕ್ಷಿತಿಜದೊಂದಿಗೆ 45 + 15, ಅಂದರೆ 60 ಡಿಗ್ರಿ ಕೋನದಲ್ಲಿರುತ್ತದೆ. 3 ಮೀಟರ್ ಆಳಕ್ಕೆ ನೇರವಾಗಿ ಅಗೆದರೆ ಈ ಬೆಣೆ ಮೇಲ್ಮೈಯಲ್ಲಿ ಸುಮಾರು 1.7 ಮೀಟರ್ ದೂರ ಚಾಚುತ್ತದೆ. ಅಷ್ಟರೊಳಗೆ ನಿಂತ ಗೋಡೆಗೆ ಅಪಾಯ ತಪ್ಪಿದ್ದಲ್ಲ. ಮುರಕಲ್ಲಿನ ಗೋಡೆ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ಎಳೆತವನ್ನು ತಾಳದು. ಪಾಯ ಒಂದೆಡೆ ಕುಸಿದರೆ ಸಂದುಗಳು ಬಾಯಿ ಬಿಡುತ್ತವೆ.

1882ರ ಕಾಯ್ದೆ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1849ರಲ್ಲಿ ಒಂದು ಮನೆಯನ್ನು ಗಾಡಿ ತಯಾರಿಸುವ ಕಾರ್ಖಾನೆಯಾಗಿ ಮಾರ್ಪಡಿಸಲಾಗಿತ್ತು. 27 ವರ್ಷಗಳ ನಂತರ ಪಕ್ಕದ ಜಾಗವನ್ನು ಅಗೆದಾಗ ಅದು ಕುಸಿಯಿತು. 20 ವರ್ಷಕ್ಕಿಂತ ಹೆಚ್ಚು ಕಾಲ ಆಸರೆ ಪಡೆದ ಕಟ್ಟಡಕ್ಕೆ ಅದರ ಮೇಲೆ ಹಕ್ಕುಂಟೆಂದು 1881ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಮರುವರ್ಷವೇ ಭಾರತೀಯ ಈಸ್‌ಮೆಂಟ್ ಕಾಯ್ದೆ ಬಂತು. ಅದು ಮೊದಲು ಅನ್ವಯಿಸಿದ್ದು ಮದ್ರಾಸ್ ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗಿಗೆ. ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ, ಹಾಗಾಗಿ ಇಂದಿನ ಉಡುಪಿ ಜಿಲ್ಲೆಗೆ, ಕಾಯ್ದೆ 1882ರಲ್ಲೇ ತಲಪಿತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗಿದ್ದ ಉತ್ತರ ಕನ್ನಡ 1891ರವರೆಗೆ ಕಾಯಬೇಕಾಯಿತು.

ಈ ಕಾಯ್ದೆಯಲ್ಲಿ ಎರಡು ಬಗೆಯ ಆಸರೆಗಳಿವೆ. ನೈಸರ್ಗಿಕ ಸ್ಥಿತಿಯಲ್ಲಿರುವ, ಎಂದರೆ ಅಗೆಯದ, ಕೃತಕ ಭಾರವಿಲ್ಲದ ನೆಲಕ್ಕೆ ಪಕ್ಕದ ಮಣ್ಣಿನ ಆಸರೆ ಸಹಜ ಹಕ್ಕು (7ನೇ ಕಲಮು). ಕಟ್ಟಡದ ಭಾರ ಹೊತ್ತ ನೆಲಕ್ಕಾದರೋ 20 ವರ್ಷ ಶಾಂತವಾಗಿ, ಅಡೆತಡೆಯಿಲ್ಲದೆ ಅನುಭವಿಸಿದ ಮೇಲೆ ಹಕ್ಕು ಸಿದ್ಧಿಸುತ್ತದೆ (15ನೇ ಕಲಮು).

ಇಲ್ಲಿ ಮಣ್ಣಿನ ಗುಣ ಮುಖ್ಯವಾಗುತ್ತದೆ. ಮಣಿಪಾಲದ ಗುಡ್ಡದಲ್ಲಿ ಮುರಕಲ್ಲನ್ನು ನೇರವಾಗಿ ಕಡಿದರೂ ಅದು ಗೋಡೆಯಂತೆ ನಿಲ್ಲಬಲ್ಲದು. ಎರ್ಮಾಳಿನ ಮರಳು ಮೇಲೆ ಮನೆಯಿಲ್ಲದಿದ್ದರೂ ಜಾರುತ್ತದೆ. ಮನೆಯ ಭಾರವಿಲ್ಲದೆಯೂ ತನ್ನ ನೆಲ ಕುಸಿಯುತ್ತಿತ್ತು ಎಂದು ತೋರಿಸಬಲ್ಲ ನೆರೆಯವನು 20 ವರ್ಷ ತುಂಬದಿದ್ದರೂ ಸಹಜ ಹಕ್ಕನ್ನು ಮುಂದಿಡಬಹುದು.

ಇಬ್ಬರಿಗೂ ಸೇರಿದ ಗೋಡೆ

ಪಾಲಾಗಿ ಒಂದು ಮನೆ ಎರಡಾದಾಗ ನಡುಗೋಡೆ ಜಂಟಿ ಸ್ವತ್ತಾಗುವುದುಂಟು. 1890ರ ದಶಕದಲ್ಲಿ ಇಂಥ ಗೋಡೆಯನ್ನು ಒಬ್ಬ ಪಾಲುದಾರ ತನ್ನ ಕಟ್ಟಡಕ್ಕಾಗಿ ಎತ್ತರಿಸಿದ. ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು ಕನಕಯ್ಯ–ನರಸಿಂಹುಲು ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಒಂದೇ ಒಡೆತನದ ಎರಡು ಜೋಡಿ ಕಟ್ಟಡಗಳಲ್ಲಿ ಒಂದನ್ನು ಮಾರಿದರೆ, ಎರಡಕ್ಕೂ ಪರಸ್ಪರ ಆಸರೆಯ ಹಕ್ಕುಂಟೆಂದು 1882ರ ಕಾಯ್ದೆಯೇ ಉದಾಹರಣೆ ಕೊಟ್ಟಿದೆ.

ಇಂಗ್ಲೆಂಡಿನ 1996ರ ಜಂಟಿ ಗೋಡೆ ಕಾಯ್ದೆಯಂತೆ, ನೆರೆಯ ಕಟ್ಟಡದಿಂದ 3 ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳವಾಗಿ ಅಗೆಯುವವರು ಒಂದು ತಿಂಗಳು ಮೊದಲೇ ತಿಳಿವಳಿಕೆ ಪತ್ರ ಕೊಡಬೇಕು. 1882ರ ಕಾಯ್ದೆಯಲ್ಲಿ ಈ ಏರ್ಪಾಡಿಲ್ಲ. ಅದರ 34ನೇ ಕಲಮಿನಂತೆ ಆಸರೆ ತೆಗೆದ ಮಾತ್ರಕ್ಕೆ ಪರಿಹಾರ ದೊರೆಯದು. ಗಣನೀಯ ಹಾನಿ ಆಗಿರಬೇಕು. ಹಾನಿಗೆ ಮೊದಲೇ ತಡೆಯಾಜ್ಞೆ ಕೇಳಲು 35ನೇ ಕಲಮಿನಲ್ಲಿ ಅವಕಾಶವಿದೆಯಾದರೂ, ಅಗೆತದಿಂದ ಹಕ್ಕಿಗೆ ಭಂಗ ಬಂದೇ ತೀರುತ್ತದೆಂದು ತೋರಿಸಬೇಕು.

ಆದ್ದರಿಂದ ಪುರಾವೆಯೇ ನೆರೆಯವನ ಬಲ. ಕೆಲಸ ಆರಂಭವಾಗುವ ಮೊದಲೇ ಗೋಡೆಯ ಚಿತ್ರ ತೆಗೆದಿಡಬೇಕು. ಇರುವ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆಯಬೇಕು. ಗಾಜು ಒಡೆದರೆ ಗೋಡೆ ಚಲಿಸುತ್ತಿದೆ ಎಂದೇ ಅರ್ಥ. ಶಾಲೆಯ ಮಕ್ಕಳೂ ಮಾಡಿನೋಡಬಹುದಾದ ಈ ಸರಳ ಪ್ರಯೋಗ, ಒಂದು ಮನೆಯನ್ನು ಉಳಿಸಲು ನೆರವಾಗಬಲ್ಲದು.